ಕಾಳಿಯಿಂದ ಫಲ್ಗುಣಿಯವರೆಗೆ ಸೈಕಲ್ಲಿನ ಮೇಲೆ

ಮುಂಬಯಿಯಲ್ಲಿ ನೆಲೆನಿಂತ ಕರಾವಳಿಯವರು ಊರಿಗೆ ಹೋಗುವುದೆಂದರೆ ಹೀಗೆ: ಮಧ್ಯಾಹ್ನ ಕುರ್ಲಾದಲ್ಲಿ ಗಾಡಿ ಹತ್ತುವುದು, ರಾತ್ರಿ ರತ್ನಾಗಿರಿಯ ಆಚೆ ಈಚೆ ಎಲ್ಲಾದರೂ ಬುತ್ತಿ ಬಿಚ್ಚಿ ಉಣ್ಣುವುದು, ಅನಂತರ ಮಲಗಿಬಿಡುವುದು. ಎಚ್ಚರವಾಗುವಾಗ ಕುಂದಾಪುರವೋ ಉಡುಪಿಯೋ ಬಂದಿರುತ್ತದೆ. ಕಾರವಾರ, ಅಂಕೋಲೆ, ಕುಮಟೆ, ಹೊನ್ನಾವರ, ಭಟ್ಕಳ, ಇಷ್ಟೂ ಊರುಗಳು ನಮ್ಮ ಮಕ್ಕಳ ಪಾಲಿಗೆ ಕತ್ತಲೆಯಲ್ಲಿ ಕೇಳಿದ ಚಹಾದವನ ಕೂಗು, ಅಷ್ಟೆ. 1998ರ ಜನವರಿಯಲ್ಲಿ ಕೊಂಕಣ ರೈಲ್ವೆ ಪೂರ್ತಿಯಾದ ಮೇಲೆ ಊರು ಹತ್ತಿರವಾದುದೇನೋ ನಿಜ. ನಡುವಣ ದಾರಿ ಮಾತ್ರ ನಿದ್ದೆಯ ಪಾಲಾಯಿತು.

2024ರ ಗಣೇಶ ಚೌತಿಯ ದಿನಗಳಲ್ಲಿ ನಮ್ಮ ಸಂಘದ ಪಡಸಾಲೆಯಲ್ಲಿ ಈ ಮಾತು ಬಂತು. ರವಿವಾರಗಳಲ್ಲಿ ಬೆಳಗ್ಗೆ ವಸಾಯಿಯವರೆಗೆ ಸೈಕಲ್ ತುಳಿದು ಬರುವ ಇಂಜಿನಿಯರರೊಬ್ಬರು ನಮ್ಮಲ್ಲಿದ್ದಾರೆ. ಕಾರವಾರದಿಂದ ಮಂಗಳೂರಿಗೆ ಸಮುದ್ರದ ಅಂಚಿನಲ್ಲೇ ಸೈಕಲ್ಲಿನ ಮೇಲೆ ಹೋದರೆ ಹೇಗೆ ಎಂದು ಕೇಳಿದವರು ಅವರೇ. ಒಳದಾರಿಗಳನ್ನೂ ಹಿಡಿದು ಹೋದರೆ ಮುನ್ನೂರು ಕಿಲೋಮೀಟರಿಗೆ ಸ್ವಲ್ಪ ಕಡಮೆ. ಐದು ದಿನ ಸಾಕು ಎಂದರು. ಚಕ್ಕುಲಿ ತಿನ್ನುತ್ತಿದ್ದವರೆಲ್ಲ ಹೌದು ಹೌದು ಎಂದೆವು. ಹಾಗೆ ಎಂದವರು ಹದಿನೆಂಟು ಮಂದಿ, ಡಿಸೆಂಬರ್ ತಿಂಗಳಲ್ಲಿ ಉಳಿದವರು ಒಂಬತ್ತು.

ಆ ಒಂಬತ್ತರಲ್ಲಿ ಎಲ್ಲರಿಗಿಂತ ಕಿರಿಯಳು ಹದಿಮೂರು ವರ್ಷದ ಹುಡುಗಿ, ತಂದೆಯ ಜೊತೆ ಹೊರಟವಳು. ಇಂಜಿನಿಯರ್ ದಂಪತಿಗಳು, ಶಾಲೆಯ ಅಧ್ಯಾಪಕಿಯೊಬ್ಬರು, ಕಾಲೇಜಿನ ಹುಡುಗರಿಬ್ಬರು, ಲೆಕ್ಕ ಬರೆಯುವ ನಾವು. ಎಲ್ಲರಿಗಿಂತ ಹಿರಿಯರು ಅರವತ್ತೆರಡು ವರ್ಷದ ಒಬ್ಬರು. ಅವರು ಮರವಂತೆಯವರು. ಹೋಟೆಲಿನಲ್ಲಿ ಲೋಟ ತೊಳೆಯುವುದರಿಂದ ಮೊದಲುಮಾಡಿ, ರಾತ್ರಿಶಾಲೆಯಲ್ಲಿ ಕಲಿತು, ಈಗ ತಮ್ಮದೇ ಒಂದು ಸಣ್ಣ ಉಪಾಹಾರ ಗೃಹವನ್ನು ಮಗನಿಗೆ ಒಪ್ಪಿಸಿ ಕುಳಿತಿದ್ದಾರೆ. ಸಂಘದಲ್ಲಿ ಅವರನ್ನು ಚಿಕ್ಕವರು ದೊಡ್ಡವರೆಲ್ಲ ಕರೆಯುವುದು ಮಾಮ ಎಂದೇ.

ಮಾಮ ಹೆಸರು ಕೊಟ್ಟಾಗ ನಮಗೆ ಸ್ವಲ್ಪ ಇಕ್ಕಟ್ಟಾಯಿತು. ಎರಡು ವರ್ಷದ ಹಿಂದೆ ಅವರ ಹೃದಯದ ರಕ್ತನಾಳಕ್ಕೆ ಸ್ಟೆಂಟ್ ಹಾಕಿಸಿದ್ದು ಎಲ್ಲರಿಗೂ ಗೊತ್ತಿತ್ತು. ಬೇಡವೆನ್ನಲು ಯಾರಿಗೂ ಬಾಯಿ ಬರಲಿಲ್ಲ. ಡಾಕ್ಟರರು ಏರು ಹತ್ತಬಾರದು, ಬಿಸಿಲಲ್ಲಿ ತುಳಿಯಬಾರದು ಎಂಬ ಎರಡು ಕಟ್ಟಳೆಗಳೊಡನೆ ಒಪ್ಪಿಗೆ ಕೊಟ್ಟರು. ಅತ್ತೆಯವರು ಮೂರನೆಯದೊಂದನ್ನು ಸೇರಿಸಿದರು: ಹಿಂದೆ ಮುಂದೆ ಗಾಡಿ ಇರಬೇಕು. ಹೀಗೆ ಹೊನ್ನಾವರದ ಒಂದು ಟೆಂಪೋವನ್ನು ಐದು ದಿನಕ್ಕೆ ಗೊತ್ತುಮಾಡಿದೆವು. ಸಾಮಾನು ಸಾಗಿಸಲು ಎಂದು ಮಾಮನಿಗೆ ಹೇಳಿದೆವು. ಅವರು ನಂಬಿದಂತೆ ತೋರಿಸಿಕೊಂಡರು.

ಈ ಬೆಂಗಾವಲಿನ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಮುಂದೆ ಹೊರಡುವವರಿಗೆ ಉಪಯೋಗಕ್ಕೆ ಬಂದೀತು. ಗಾಡಿಯೊಂದು ಸೈಕಲ್ಲುಗಳ ಬೆನ್ನ ಹಿಂದೆ ಮೆಲ್ಲಗೆ ಬರುವುದೆಂದು ನಾವು ಎಣಿಸಿದ್ದೆವು. ಹೆದ್ದಾರಿಯಲ್ಲಿ ಅದು ಅಪಾಯ. ಹಿಂದಿನಿಂದ ಬರುವ ಲಾರಿಗೆ ನಿಧಾನದ ಗಾಡಿ ಸಿಕ್ಕಬಾರದು. ಆದ್ದರಿಂದ ಟೆಂಪೋ ನಮ್ಮನ್ನು ದಾಟಿ ಹದಿನೈದು ಕಿಲೋಮೀಟರು ಮುಂದೆ ಹೋಗಿ, ಮಾಡಿಗೆ ಕೆಂಪು ಬಟ್ಟೆ ಕಟ್ಟಿಕೊಂಡು ಕಾಯುತ್ತಿತ್ತು. ಅದರಲ್ಲಿ ನೀರಿನ ಕ್ಯಾನು, ಬಾಳೆಹಣ್ಣು, ಉಪ್ಪು ಹಾಕಿದ ಗಂಜಿಯ ಪಾತ್ರೆ, ಪಂಪು, ಟ್ಯೂಬು, ಪ್ಯಾಚು, ಸ್ಪ್ಯಾನರು, ಔಷಧದ ಪೆಟ್ಟಿಗೆ. ಒಂಬತ್ತನೆಯ ಸೈಕಲ್ಲು ಬರುವವರೆಗೆ ಅದು ಕದಲುವಂತಿಲ್ಲ. ಪಂಚರುಗಳಿಗೆ ಕಾರಣ ಮೊಳೆಯಲ್ಲ, ಗಾಜಲ್ಲ. ಲಾರಿಗಳ ಟಯರು ಒಡೆದಾಗ ಅದರೊಳಗಿನ ಕೂದಲೆಳೆಯಂಥ ಉಕ್ಕಿನ ತಂತಿ ರಸ್ತೆಯಂಚಿಗೆ ಚೆಲ್ಲಿರುತ್ತದೆ. ಕಣ್ಣಿಗೆ ಕಾಣುವುದಿಲ್ಲ, ಬೆರಳಿಗೆ ಸಿಗುವುದಿಲ್ಲ. ಡ್ರೈವರಣ್ಣ ಟಯರಿನ ಒಳಮೈಯನ್ನು ಹತ್ತಿಯಿಂದ ಒರಸುತ್ತಿದ್ದ. ಹತ್ತಿ ಎಲ್ಲಿ ಸಿಕ್ಕಿಕೊಂಡಿತೋ ಅಲ್ಲಿ ತಂತಿ. ಐದು ದಿನಕ್ಕೆ ಹನ್ನೊಂದು ಪಂಚರು.

ಉತ್ತರದಿಂದ ತೆಂಕಣಕ್ಕೆ ಹೋಗುವುದೆಂದು ಇಂಜಿನಿಯರರು ಗಾಳಿ ನೋಡಿ ನಿಶ್ಚಯಿಸಿದರು. ಚಳಿಗಾಲದಲ್ಲಿ ಬೆಳಗಿನ ಹೊತ್ತು ಗಾಳಿ ನೆಲದಿಂದ ಕಡಲಿಗೆ ಹೋಗುತ್ತದೆ. ಮಧ್ಯಾಹ್ನದ ಮೇಲೆ ಕಡಲಿನಿಂದ, ವಾಯವ್ಯದ ಕಡೆಯಿಂದ ಬೀಸುತ್ತದೆ. ತೆಂಕಣಕ್ಕೆ ಹೋಗುವವನ ಬೆನ್ನನ್ನು ಅದು ಸ್ವಲ್ಪ ನೂಕುತ್ತದೆ. ಲೆಕ್ಕ ಸರಿ. ಆದರೆ ಒಂದು ಸಂಗತಿಯನ್ನು ಅವರು ಮರೆತಿದ್ದರು. ನಮ್ಮ ದೇಶದಲ್ಲಿ ಎಡಗಡೆ ಹೋಗಬೇಕಷ್ಟೆ. ಅಗಲಗೊಂಡ ಹೆದ್ದಾರಿಯಲ್ಲಿ ತೆಂಕಣಕ್ಕೆ ಹೋಗುವವನಿಗೆ ಗುಡ್ಡದ ಬದಿ. ಸಮುದ್ರದ ಬದಿ ಎದುರಿನಿಂದ ಬರುವವರ ಪಾಲು, ನಡುವೆ ಕಾಂಕ್ರೀಟಿನ ಕಟ್ಟೆ. ಇಡೀ ಕರಾವಳಿಯನ್ನು ಎರಡು ಸಾಲು ಲಾರಿಗಳ ಆಚೆ ನೋಡುತ್ತ ಹೋಗುವುದಾದೀತೇ ಎಂದು ಮೊದಲ ದಿನವೇ ಗೊಣಗಿದೆವು. ಒಳದಾರಿಗಳನ್ನು ಹುಡುಕುವ ಬುದ್ಧಿ ಬಂದದ್ದು ಆ ಗೊಣಗಾಟದಿಂದಲೇ.

ಡಿಸೆಂಬರಿನ ಕೊನೆಯ ವಾರ, ಬೆಳಗ್ಗೆ ಆರಕ್ಕೆ, ಸದಾಶಿವಗಡದ ಬುಡದಲ್ಲಿ ಸೈಕಲ್ಲು ಹತ್ತಿದೆವು. ಕಾರವಾರದಿಂದಲೇ ಹೊರಡಬಹುದಾಗಿತ್ತು. ಆದರೆ ಹುಡುಗಿ ದಾರಿಯ ನದಿಗಳನ್ನೆಲ್ಲ ಬರೆದಿಡಲು ಒಂದು ಚಿಕ್ಕ ಪುಸ್ತಕ ತಂದಿದ್ದಳು. ಕಾಳಿಯನ್ನು ಬಿಟ್ಟು ಹೊರಡುವುದಕ್ಕೆ ಅವಳು ಒಪ್ಪಲಿಲ್ಲ. ಅದೇ ವರ್ಷದ ಆಗಸ್ಟ್ 7ರ ನಡುರಾತ್ರಿಯ ಮೇಲೆ ಕಾಳಿಯ ಹಳೆಯ ಸೇತುವೆ ಕುಸಿದು ಹೊಳೆಗೆ ಬಿದ್ದಿತ್ತು. ಜೊತೆಗೆ ಬಿದ್ದ ಲಾರಿಯ ಚಾಲಕನನ್ನು ಮೀನುಗಾರರೂ ಪೊಲೀಸರೂ ಸೇರಿ ಬದುಕಿಸಿದರು. ಆದ್ದರಿಂದ ಹೋಗುವ ಬರುವ ಗಾಡಿಗಳೆಲ್ಲ ಹೊಸ ಸೇತುವೆಯ ಮೇಲೆಯೇ. ಮಂಜಿನಲ್ಲಿ ದೋಣಿಗಳು ಕರಿಯ ಗೀಟುಗಳಂತೆ ಕಾಣುತ್ತಿದ್ದವು. ಸೇತುವೆಯ ನಡುವೆ ಒಬ್ಬರೂ ಮಾತಾಡಲಿಲ್ಲ. ಎಲ್ಲರ ಗಮನ ಹ್ಯಾಂಡಲಿನ ಮೇಲೆ.

ಕಾರವಾರದ ಕಡಲತೀರಕ್ಕೆ ರವೀಂದ್ರನಾಥ ಠಾಕೂರರ ಹೆಸರಿದೆ. ಅವರ ಅಣ್ಣ ಸತ್ಯೇಂದ್ರನಾಥರು ಇಲ್ಲಿ ನ್ಯಾಯಾಧೀಶರಾಗಿದ್ದರು. 1883ರಲ್ಲಿ, ಇಪ್ಪತ್ತೆರಡರ ಹರೆಯದಲ್ಲಿ ಕವಿಗಳು ಇಲ್ಲಿಗೆ ಬಂದು ‘ಪ್ರಕೃತಿರ್ ಪ್ರತಿಶೋಧ್’ ನಾಟಕವನ್ನು ಬರೆದರು. ನಾವು ಅಲ್ಲಿ ಬರೆದದ್ದೇನೂ ಇಲ್ಲ, ಬನ್ಸು ತಿಂದೆವು. ಬಾಳೆಹಣ್ಣು ಕಲಸಿ ಕರಿದ ಈ ಬನ್ಸಿನಷ್ಟು ಸೈಕಲ್ಲಿಗೆ ಒಗ್ಗುವ ತಿಂಡಿ ಇನ್ನೊಂದಿಲ್ಲವೆಂಬುದು ಐದು ದಿನದ ನಮ್ಮ ಅನುಭವ.

ಅಂಕೋಲೆಯವರೆಗೆ ದಾರಿ ಗುಡ್ಡವನ್ನೂ ಕಡಲನ್ನೂ ಸರದಿಯಂತೆ ತೋರಿಸುತ್ತದೆ. 1930ರ ಏಪ್ರಿಲಿನಲ್ಲಿ ಉಪ್ಪಿನ ಸತ್ಯಾಗ್ರಹ ನಡೆದ ಊರು ಅಂಕೋಲೆ. ಕರನಿರಾಕರಣೆಯಲ್ಲಿ ರೈತರು ಮನೆಮಾರು ಕಳೆದುಕೊಂಡ ತಾಲ್ಲೂಕು ಇದು. ಅಧ್ಯಾಪಕಿಯವರು ಎಳನೀರು ಕುಡಿಯುತ್ತ ಈ ಕಥೆಯನ್ನು ಹೇಳುತ್ತಿದ್ದರು. ಡ್ರೈವರಣ್ಣ ಮಾತ್ರ ಬೇಗ ಹೊರಡಿ ಎಂದು ಅವಸರ ಮಾಡಿದ. ಏನೆಂದು ಕೇಳಿದರೆ, ಮುಂದೆ ಶಿರೂರು, ಎಂದ.

ಈ ದಾರಿಯಲ್ಲಿ ಶಿರೂರುಗಳು ಎರಡು. ಒಂದು ಭಟ್ಕಳದಾಚೆ, ಉಡುಪಿ ಜಿಲ್ಲೆಯ ಬಾಗಿಲಲ್ಲಿ. ಇನ್ನೊಂದು ಇದು, ಅಂಕೋಲೆಯಿಂದ ಮುಂದೆ ಗಂಗಾವಳಿಯ ದಡದಲ್ಲಿ. 2024ರ ಜುಲೈ 16ರ ಬೆಳಗ್ಗೆ, ದಿನಗಟ್ಟಲೆ ಸುರಿದ ಮಳೆಯಲ್ಲಿ, ಹೆದ್ದಾರಿಗೆಂದು ಕಡಿದ ಗುಡ್ಡ ಇಲ್ಲಿ ಜಾರಿ ರಸ್ತೆಯನ್ನು ದಾಟಿ ಹೊಳೆಗೆ ಬಿತ್ತು. ರಸ್ತೆಬದಿಯ ಚಹಾದ ಅಂಗಡಿ, ಅದನ್ನು ನಡೆಸುತ್ತಿದ್ದ ಕುಟುಂಬ, ನಿಂತಿದ್ದ ಲಾರಿಗಳು ಎಲ್ಲ ಹೋದವು. ಹೊಳೆಯ ನೀರು ಎದ್ದು ಆಚೆ ದಡದ ಉಳುವರೆಯ ಮನೆಗಳನ್ನು ಬಡಿಯಿತು. ಸತ್ತವರೂ ಸಿಗದೆಹೋದವರೂ ಸೇರಿ ಹನ್ನೊಂದು ಮಂದಿ. ಕೇರಳದ ಒಬ್ಬ ಚಾಲಕನ ಲಾರಿ ಹೊಳೆಯ ತಳದಲ್ಲಿ ಸಿಕ್ಕಿದ್ದು ಸೆಪ್ಟೆಂಬರ್ 25ರಂದು, ಎರಡು ತಿಂಗಳು ಕಳೆದ ಮೇಲೆ.

ನಾವು ಹೋಗುವಾಗ ರಸ್ತೆ ತೆರೆದಿತ್ತು. ಗುಡ್ಡದ ಮೈ ಮಾತ್ರ ಕೆಂಪಗೆ, ಸುಲಿದ ಹಾಗೆ ಇತ್ತು. ಇಂಜಿನಿಯರರು ಗುಡ್ಡದ ಬುಡವನ್ನು ಕಡಿದರೆ ಮೇಲಿನ ಭಾರಕ್ಕೆ ಆಧಾರ ತಪ್ಪುವುದನ್ನೂ, ಜಂಬಿಟ್ಟಿಗೆಯ ಅಡಿಯ ಮಣ್ಣು ನೀರು ಕುಡಿದು ಜಾರುವುದನ್ನೂ ಹೇಳತೊಡಗಿ ಅರ್ಧಕ್ಕೆ ನಿಲ್ಲಿಸಿದರು. ಡ್ರೈವರಣ್ಣ ಗಾಡಿಯನ್ನು ದೂರ ನಿಲ್ಲಿಸಿ ಇಳಿದು ಬಂದಿದ್ದ. ಎಷ್ಟೋ ವರ್ಷ ಆ ಅಂಗಡಿಯಲ್ಲಿ ಚಹಾ ಕುಡಿದವನು ಅವನು. “ಇಲ್ಲಿ ಸೈಕಲ್ ನಿಲ್ಲಿಸಬೇಡಿ. ಹೋಗುತ್ತಾ ಇರಿ” ಎಂದಷ್ಟೇ ಹೇಳಿದ. ಹೊರಟೆವು. ಗಂಗಾವಳಿಯ ಸೇತುವೆ ದಾಟುವಾಗ ಹುಡುಗಿ ಪುಸ್ತಕ ತೆಗೆಯಲಿಲ್ಲ. ಹೆಸರು ಬರೆದದ್ದು ರಾತ್ರಿ, ಗೋಕರ್ಣದಲ್ಲಿ.

ಗೋಕರ್ಣದ ಆ ರಾತ್ರಿಯೇ ಮಾಮ ತಾವು ಬಂದ ಕಾರಣವನ್ನು ಹೇಳಿದ್ದು. 1975ರಲ್ಲಿ, ಹದಿಮೂರು ವರ್ಷದವರಿದ್ದಾಗ, ಅವರು ಮರವಂತೆಯ ಒಂದು ಅಂಗಡಿಯಿಂದ ಗಂಟೆಯ ಲೆಕ್ಕದಲ್ಲಿ ಬಾಡಿಗೆ ಸೈಕಲ್ಲು ತಂದು ತುಳಿಯುವುದನ್ನು ಕಲಿತರು. ಗಂಟೆಗೆ ನಾಲ್ಕಾಣೆ. ಮನೆಯಲ್ಲಿ ಕಾಸಿಲ್ಲ, ಏಳು ಗಂಟೆಯ ಬಾಡಿಗೆ ಬಾಕಿಯಾಯಿತು. ತೀರಿಸುವ ಮೊದಲೇ ಊರಿನವರೊಬ್ಬರು ಮುಂಬಯಿಯ ಹೋಟೆಲಿಗೆಂದು ಕರೆದುಕೊಂಡು ಹೋದರು. ಅಂಗಡಿಯವನ ಕಣ್ಣಿಗೆ ಬೀಳಬಾರದೆಂದು ಬಸ್ಸಿನಲ್ಲಿ ತಲೆ ಬಗ್ಗಿಸಿ ಕುಳಿತಿದ್ದರಂತೆ. ಮತ್ತೆ ಊರಿಗೆ ಎಷ್ಟೋ ಸಲ ಹೋಗಿದ್ದಾರೆ: ಮದುವೆಗೆ, ತಾಯಿಯ ಉತ್ತರಕ್ರಿಯೆಗೆ, ಪಾಲು ಪಟ್ಟಿಗೆ. ಬಾಡಿಗೆ ಕಾರಿನಲ್ಲಿ ಬಂದು ಒಂದೂಮುಕ್ಕಾಲು ರೂಪಾಯಿ ಕೊಡುವುದು ಹೇಗೆ ಎಂದು ಪ್ರತಿ ಸಲವೂ ಮುಂದೆ ಹಾಕಿದರು. “ಈಗ ಸೈಕಲ್ಲಿನಲ್ಲೇ ಹೋಗಿ ಕೊಡುತ್ತೇನೆ. ನೀವು ಯಾರೂ ನಗಬಾರದು” ಎಂದರು. ಹುಡುಗಿಯೊಬ್ಬಳೇ ನಕ್ಕಳು, ಅವಳ ಪ್ರಾಯಕ್ಕೆ ಅದು ಸರಿಯಾಗಿಯೇ ಇತ್ತು.

ಎರಡನೆಯ ದಿನ ಹೆದ್ದಾರಿಯನ್ನು ಬಿಟ್ಟೆವು. ಗೋಕರ್ಣದ ಮಗ್ಗುಲಲ್ಲಿ ಸಾಣಿಕಟ್ಟೆಯ ಉಪ್ಪಿನ ಅಗರಗಳಿವೆ. ಡಿಸೆಂಬರಿನಲ್ಲಿ ಉಪ್ಪಿಲ್ಲ, ಬಿಸಿಲು ಬಲಿತ ಮೇಲೆ ಅದರ ಕಾಲ. ಆಗ ಪಾತಿಗಳಲ್ಲಿ ಆಕಾಶದ ಪಡಿನೆಳಲು ಮಾತ್ರ ಇತ್ತು. ಅಲ್ಲಿಂದ ತದಡಿಗೆ ಬಂದು ಅಘನಾಶಿನಿಯ ಅಳಿವೆಯನ್ನು ದೋಣಿಯಲ್ಲಿ ದಾಟಬೇಕು. ಟೆಂಪೋ ಹೆದ್ದಾರಿಯಲ್ಲಿ ಸುತ್ತಿಕೊಂಡು ಕುಮಟೆಗೆ ಬರುವುದು, ನಾವು ಒಂಬತ್ತು ಸೈಕಲ್ಲುಗಳೊಡನೆ ಹೊಳೆ ದಾಟುವುದು.

ಸೈಕಲ್ಲುಗಳನ್ನು ಒಂದಕ್ಕೊಂದು ಒರಗಿಸಿ ದೋಣಿಯ ನಡುವೆ ಪೇರಿಸಿದರು. ಜೊತೆಗೆ ಮೀನಿನ ಬುಟ್ಟಿಯ ಹೆಂಗಸರು, ಶಾಲೆಯ ಮಕ್ಕಳು, ಒಂದು ಮೋಟಾರು ಸೈಕಲ್ಲು. ಅಘನಾಶಿನಿಗೆ ಎಲ್ಲಿಯೂ ಅಣೆಕಟ್ಟಿಲ್ಲ. ಶಿರಸಿಯ ಕಡೆ ಹುಟ್ಟಿ, ಘಟ್ಟ ಇಳಿದು, ತಾನು ತಂದದ್ದನ್ನೆಲ್ಲ ಈ ಅಳಿವೆಯವರೆಗೆ ತಂದು ಹಾಕುವ ಹೊಳೆ ಅದು. ಇಳಿತದ ಹೊತ್ತಿಗೆ ಸೊಂಟದುದ್ದ ನೀರಲ್ಲಿ ನಿಂತು ಜನ ಚಿಪ್ಪು ಹೆಕ್ಕುತ್ತಾರೆ. ಉಪ್ಪುನೀರು ನುಗ್ಗುವ ಗಜನಿ ಗದ್ದೆಗಳಲ್ಲಿ ಕಗ್ಗವೆಂಬ ಭತ್ತ ಬೆಳೆಯುತ್ತಾರೆ. ಪ್ರವಾಹಕ್ಕೂ ಉಪ್ಪಿಗೂ ಜಗ್ಗದ ತಳಿ. ಬೆಳೆಯುವವರು ಕಡಮೆಯಾಗುತ್ತಿದ್ದಾರೆ ಎಂದು ಪಕ್ಕದಲ್ಲಿ ಕುಳಿತ ಮುದುಕರೊಬ್ಬರು ಹೇಳಿದರು. ಅವರ ಮಗ ಪುಣೆಯಲ್ಲಿದ್ದಾನಂತೆ. ನಾವು ಮುಂಬಯಿಯವರೆಂದು ತಿಳಿದ ಮೇಲೆ, ಮಗನನ್ನು ನಾವು ನೋಡಿರಬಹುದೆಂಬಂತೆ ಅವನ ಚಹರೆಯನ್ನೆಲ್ಲ ಹೇಳಿದರು. ಇಳಿಯುವಾಗ ಹುಡುಗಿ “ಹೋಗಿ ಬರ್ತೇವೆ ಅಜ್ಜ” ಎಂದಳು. ಮನೆಯಲ್ಲಿ ಕನ್ನಡದಲ್ಲಿ ಕೇಳಿದ್ದಕ್ಕೆ ಇಂಗ್ಲಿಷಿನಲ್ಲಿ ಉತ್ತರ ಕೊಡುವ ಮಗು ಎಂದು ಅವಳ ತಂದೆ ನಮಗೆ ದೂರಿದ್ದರು. ಅವರು ಸೈಕಲ್ಲಿನ ಚೈನು ನೋಡುವವರಂತೆ ಬಗ್ಗಿದರು.

ಕುಮಟೆ ದಾಟಿ ಹೊನ್ನಾವರ. ಶರಾವತಿ ಇಲ್ಲಿ ಕಡಲಿನಷ್ಟೇ ಅಗಲ. ರೈಲಿನ ಸೇತುವೆಯೇ ಎರಡು ಕಿಲೋಮೀಟರಿಗೂ ಮಿಕ್ಕು ಉದ್ದ, ಕೊಂಕಣ ರೈಲ್ವೆಯಲ್ಲಿ ಅದಕ್ಕಿಂತ ಉದ್ದದ್ದಿಲ್ಲ. ನಾವು ಎಷ್ಟು ಸಲ ಅದರ ಮೇಲೆ ಮಲಗಿ ಹೋಗಿದ್ದೇವೋ! ಡ್ರೈವರಣ್ಣನ ಮನೆ ಇಲ್ಲಿಯೇ. ಅವನ ತಾಯಿ ಒಂಬತ್ತು ಮಂದಿಗೂ ಕುಸುಬಲಕ್ಕಿ ಗಂಜಿ, ಮಾವಿನ ಮಿಡಿ ಉಪ್ಪಿನಕಾಯಿ ಬಡಿಸಿದರು. ಬೆವರಿನಲ್ಲಿ ಉಪ್ಪು ಕಳೆದುಕೊಂಡವನಿಗೆ ಆ ಮಿಡಿಯ ರುಚಿಯನ್ನು ವರ್ಣಿಸಲು ನಮಗೆ ಬಾರದು. ಮುರ್ಡೇಶ್ವರದಲ್ಲಿ ರಾತ್ರಿ ತಂಗಿದೆವು. 123 ಅಡಿಯ ಶಿವನ ಮೂರ್ತಿಯನ್ನೂ ಇಪ್ಪತ್ತು ಅಂತಸ್ತಿನ ಗೋಪುರವನ್ನೂ ಎಲ್ಲರೂ ಕಂಡವರೇ. ನಮಗೆ ಅಂದು ಕತ್ತೆತ್ತಿ ನೋಡುವ ಚೈತನ್ಯವಿರಲಿಲ್ಲ.

ಮೂರನೆಯ ದಿನ. ಶಿರಾಲಿಯ ಚಿತ್ರಾಪುರ ಮಠದ ಮುಂದೆ ಹಾದು, ಮಲ್ಲಿಗೆಯ ಭಟ್ಕಳವನ್ನು ದಾಟಿದೆವು. ಭಟ್ಕಳ ಮತ್ತು ಎರಡನೆಯ ಶಿರೂರಿನ ನಡುವೆ ಈಗ ಉತ್ತರ ಕನ್ನಡ ಮುಗಿದು ಉಡುಪಿ ಜಿಲ್ಲೆ ಬರುತ್ತದೆ. ಒಂದು ಹಲಗೆ ಬಿಟ್ಟರೆ ಬೇರೆ ಗುರುತಿಲ್ಲ. ಆದರೆ ಈ ಗೆರೆ ಚಿಕ್ಕದಲ್ಲ. 1862ರಲ್ಲಿ ಉತ್ತರ ಕನ್ನಡವನ್ನು ಮದರಾಸಿನಿಂದ ಬಿಡಿಸಿ ಮುಂಬಯಿ ಪ್ರಾಂತ್ಯಕ್ಕೆ ಸೇರಿಸಿದರು, ದಕ್ಷಿಣ ಕನ್ನಡ ಮದರಾಸಿನಲ್ಲೇ ಉಳಿಯಿತು. 1956ರ ನವೆಂಬರ್ 1ರವರೆಗೆ, ತೊಂಬತ್ತನಾಲ್ಕು ವರ್ಷ, ಒಂದೇ ಕರಾವಳಿಯ ಒಂದೇ ಮಾತಿನ ಜನ ಈ ಗೆರೆಯ ಈಚೆ ಮುಂಬಯಿಯ ಪ್ರಜೆಗಳು, ಆಚೆ ಮದರಾಸಿನ ಪ್ರಜೆಗಳು. ಗೆರೆಯ ಮೇಲೆ ಸೈಕಲ್ಲು ನಿಲ್ಲಿಸಿ, ಮುಂದಿನ ಚಕ್ರ ಮದರಾಸಿನಲ್ಲಿ, ಹಿಂದಿನದು ಮುಂಬಯಿಯಲ್ಲಿ ಎಂದು ಕಾಲೇಜಿನ ಹುಡುಗರು ಫೋಟೋ ತೆಗೆಸಿಕೊಂಡರು.

ಇಷ್ಟು ವಿನೋದದಿಂದ ಬಂದವರು ಒತ್ತಿನೆಣೆಗೆ ಬಂದು ನಿಂತೆವು. ಬೈಂದೂರಿಗೆ ಇಳಿಯುವ ಮುಂಚಿನ ಏರು ಇದು. ಕಾರಿನಲ್ಲಿ ಹೋದವನಿಗೆ ಇದೊಂದು ಏರೆಂದೇ ತಿಳಿಯದು. ಎರಡು ಪಂಚರುಗಳಿಂದ ಹೊತ್ತಾಗಿ ಹನ್ನೊಂದೂವರೆಯ ಬಿಸಿಲು ನೆತ್ತಿಗೆ ಬಂದಿತ್ತು. ಮಾಮ ಟೆಂಪೋದಲ್ಲಿ ಬರಲಿ ಎಂದು ಎಲ್ಲರ ಮನಸ್ಸಿನಲ್ಲಿತ್ತು. ಹೇಳಿದವರು ಯಾರೂ ಇಲ್ಲ. ಮಾಮ ಇಳಿದು ಸೈಕಲ್ಲನ್ನು ತಳ್ಳಿಕೊಂಡು ನಡೆದರು. ಅರ್ಧ ಏರಿನಲ್ಲಿ ಅವರ ಮುಖ ಬೂದಿಯ ಬಣ್ಣಕ್ಕೆ ತಿರುಗಿತು. ಸೈಕಲ್ಲನ್ನು ಮೆಲ್ಲಗೆ ನೆಲಕ್ಕೊರಗಿಸಿ, ರಸ್ತೆಬದಿಯ ಕಲ್ಲಿನ ಮೇಲೆ ಕುಳಿತು, ಎಡಗೈಯನ್ನು ಎದೆಯ ಮೇಲಿಟ್ಟುಕೊಂಡರು.

ಆ ಐದು ನಿಮಿಷದಲ್ಲಿ ನಮಗೆ ಏನೇನು ತೋರಿತೆಂದು ಬರೆಯುವುದು ಬೇಡ. ಅತ್ತೆಯವರಿಗೆ ಯಾವ ಮೋರೆ ತೋರಿಸುವುದೆಂಬುದೊಂದು. ಹದಿನೆಂಟು ಮಂದಿಯೊಡನೆ ಚಕ್ಕುಲಿ ತಿಂದ ಸಂಜೆ ಇನ್ನೊಂದು. ಅಧ್ಯಾಪಕಿಯವರು ನಾಡಿ ಹಿಡಿದು ಕುಳಿತರು. ನೀರು ಕುಡಿಸಿದೆವು, ಅವರ ಜೇಬಿನಲ್ಲಿದ್ದ ಗುಳಿಗೆ ಕೊಟ್ಟೆವು. ಕುಂದಾಪುರದ ಡಾಕ್ಟರರಿಗೆ ಫೋನು ಮಾಡಿದೆವು. ನೋವಿಲ್ಲ, ಬೆವರು ಆರುತ್ತಿದೆ, ನಾಡಿ ಸರಿಯಾಗುತ್ತಿದೆ ಎಂದು ಕೇಳಿ, ನೆರಳಿಗೆ ಕರೆದೊಯ್ದು ಮಲಗಿಸಿ, ಇನ್ನು ತುಳಿಯುವುದು ಬೇಡ, ಸಂಜೆ ಕರೆತನ್ನಿ, ಎಂದರು. ಟೆಂಪೋ ಹಿಂದಕ್ಕೆ ಬಂತು. ಮಾಮ ಒಂದು ಮಾತಿಲ್ಲದೆ ಹತ್ತಿದರು. ಡ್ರೈವರಣ್ಣ ಅವರ ಸೈಕಲ್ಲನ್ನು ಮಾಡಿನ ಮೇಲೆ ಕಟ್ಟುವುದನ್ನು ನೋಡಲಾರದೆ ಮುಖ ತಿರುಗಿಸಿಕೊಂಡರು. ಮರವಂತೆಗೆ ಇನ್ನು ಇಪ್ಪತ್ತು ಕಿಲೋಮೀಟರೂ ಇರಲಿಲ್ಲ.

ಅಷ್ಟರಲ್ಲಿ ಹುಡುಗಿ ತನ್ನ ಸೈಕಲ್ಲನ್ನೂ ಟೆಂಪೋದ ಪಕ್ಕಕ್ಕೆ ತಂದಳು. ಮೂರು ದಿನದಲ್ಲಿ ಒಮ್ಮೆಯೂ ಗಾಡಿ ಹತ್ತದವಳೆಂದು ಜಂಬದಲ್ಲಿದ್ದವಳು. “ನನಗೂ ಕಾಲು ನೋಯ್ತದೆ” ಎಂದು ಮಾಮನ ಪಕ್ಕ ಹೋಗಿ ಕುಳಿತಳು. ಅವಳ ಕಾಲಿಗೇನೂ ಆಗಿರಲಿಲ್ಲ.

ಬೈಂದೂರಿನಲ್ಲಿ ಒಂದು ಮನೆಯ ಜಗಲಿಯಲ್ಲಿ ಮಾಮ ಮೂರು ಗಂಟೆ ಮಲಗಿದರು. ಗುರುತಿಲ್ಲದ ಮನೆ. “ಆಸ್ರಿಗ್ ಬೇಕಾ? ಕೂಕಣಿ” ಎಂದು ಬೆಲ್ಲ ನೀರು ತಂದುಕೊಟ್ಟ ಆ ಮನೆಯ ಅಮ್ಮನಿಗೆ ನಾವು ಯಾವ ಊರು, ಯಾವ ಜಾತಿ ಎಂದು ಕೇಳುವ ಮನಸ್ಸಾಗಲಿಲ್ಲ. ಎದ್ದ ಮೇಲೆ ಮಾಮನ ಮುಖಕ್ಕೆ ಮೊದಲಿನ ಬಣ್ಣ ಬಂದಿತ್ತು. ನಾಲ್ಕು ಗಂಟೆಗೆ ಹೊರಟೆವು, ನಾವು ಸೈಕಲ್ಲಿನಲ್ಲಿ, ಅವರಿಬ್ಬರು ಗಾಡಿಯಲ್ಲಿ. ಉಪ್ಪುಂದ, ಕಿರಿಮಂಜೇಶ್ವರ ದಾಟಿದವು.

ನಾವುಂದದಲ್ಲಿ ಟೆಂಪೋ ನಿಂತಿತ್ತು. ಯಾರೂ ನಿಲ್ಲಿಸಲು ಹೇಳಿರಲಿಲ್ಲ. ಡ್ರೈವರಣ್ಣ ಮಾಮನ ಸೈಕಲ್ಲನ್ನು ಕೆಳಗಿಳಿಸಿ ಗಾಳಿ ಹಾಕುತ್ತಿದ್ದ. ಡಾಕ್ಟರರು ತುಳಿಯಬಾರದೆಂದರಲ್ಲ ಎಂದು ನಾವು ಆಕ್ಷೇಪಿಸಿದೆವು. ಅಧ್ಯಾಪಕಿಯವರು ಮತ್ತೆ ಫೋನು ಮಾಡಿದರು. ಮೂರು ಕಿಲೋಮೀಟರು, ಸಮನೆಲ, ಬಿಸಿಲಿಳಿದಿದೆ, ಗಾಳಿ ಬೆನ್ನಿಗಿದೆ ಎಂದೆಲ್ಲ ವಾದಿಸಿದರು. ಆಚೆ ಕಡೆಯಿಂದ ಬಂದ ಉತ್ತರ ನಮಗೆ ಕೇಳಿಸಲಿಲ್ಲ. ಫೋನು ಇಟ್ಟು, “ದಣಿವಾದ ಕೂಡಲೇ ಇಳಿಯಬೇಕಂತೆ” ಎಂದರು. ಅದು ಡಾಕ್ಟರರು ಹೇಳಿದ್ದೋ ಅವರೇ ಹೇಳಿದ್ದೋ ಎಂಬ ಶಂಕೆ ನಮಗೆ ಇನ್ನೂ ಇದೆ.

ಮರವಂತೆಯನ್ನು ಚಿತ್ರದಲ್ಲಿ ನೋಡದವರಿಲ್ಲ. ಬಲಕ್ಕೆ ಕಡಲು, ಎಡಕ್ಕೆ ಸೌಪರ್ಣಿಕೆ, ನಡುವೆ ರಸ್ತೆ. ಘಟ್ಟದಿಂದ ಅಷ್ಟು ದೂರ ಬಂದ ಹೊಳೆ ಕಡಲಿಗೆ ನೂರು ಹೆಜ್ಜೆಯಿರುವಾಗ ಸೇರದೆ ತೆಂಕಣಕ್ಕೆ ತಿರುಗಿ, ಗಂಗೊಳ್ಳಿಯ ಅಳಿವೆಯವರೆಗೆ ಹೋಗಿ ಅಲ್ಲಿ ಸೇರುತ್ತದೆ. ಕಡಲಕೊರೆತಕ್ಕೆಂದು ಹಾಕಿದ ಬಂಡೆಗಳು ದಡವನ್ನು ಬಹುಮಟ್ಟಿಗೆ ಮುಚ್ಚಿವೆ. ತೆಂಕಣಕ್ಕೆ ಹೋಗುವ ನಮಗೆ ದೊರೆತದ್ದು ಹೊಳೆಯ ಬದಿಯೇ. ಅಂದು ಯಾರೂ ಗೊಣಗಲಿಲ್ಲ. ಹೊಳೆಯ ನೀರು ತಾಮ್ರದ ಬಣ್ಣವಾಗಿತ್ತು. ಮುಂದೆ ಹುಡುಗಿ, ಹಿಂದೆ ಮಾಮ, ಉಳಿದವರು ಬಹಳ ಹಿಂದೆ. ಮಾಮ ಎಷ್ಟು ನಿಧಾನವಾಗಿ ತುಳಿಯುತ್ತಿದ್ದರೆಂದರೆ ಸೈಕಲ್ಲು ಬೀಳದಿರುವುದೇ ಸೋಜಿಗವಾಗಿತ್ತು.

ಸೈಕಲ್ ಅಂಗಡಿ ಇರಲಿಲ್ಲ. ರಸ್ತೆ ಅಗಲವಾಗುವಾಗ ಅದರ ಮುಂಭಾಗ ಹೋಗಿತ್ತು. ಉಳಿದ ಅರ್ಧದಲ್ಲಿ ಬಲೆಯ ಹುರಿ, ಬೀಡಿ, ಸಾಬೂನು, ಮೊಬೈಲಿನ ರಿಚಾರ್ಜು. ಮಗ ಕುಳಿತಿದ್ದ, ಅವನಿಗೂ ಐವತ್ತು ದಾಟಿದೆ. ಮಾಮ ನಿಂತುಕೊಂಡೇ ತಮ್ಮ ತಂದೆಯ ಹೆಸರು, ಮನೆಯ ಹೆಸರು ಹೇಳಿ, ಬಾಕಿಯ ವಿಷಯ ತಿಳಿಸಿದರು. ಆತ ಕಿವಿಗೊಟ್ಟು ಕೇಳಿ ಅಪ್ಪಯ್ಯ ಹೋಗಿ ಇಪ್ಪತ್ತು ವರ್ಷವಾಯಿತು, ಲೆಕ್ಕದ ಪುಸ್ತಕ ಯಾವ ಕಾಲದಲ್ಲೋ ಗೆದ್ದಲು ತಿಂದಿತು ಎಂದ. ಆಮೇಲೆ, “ಹ್ವಾಯ್, ಒಂದೂಮುಕ್ಕಾಲ್ ರೂಪಾಯ್ ಕೊಡೂಕೆ ಬೊಂಬಾಯಿಂದ ಸೈಕಲ್ ತುಳ್ಕಂಡ್ ಬಂದ್ರ್ಯಾ?” ಎಂದು ಕೇಳಿದ.

ಮಾಮ ಸ್ವಲ್ಪ ಹೊತ್ತು ಸುಮ್ಮನಿದ್ದರು. “ಕಾರವಾರದಿಂದ. ಅದರಲ್ಲೂ ಒತ್ತಿನೆಣೆಯಿಂದ ನಾವುಂದದವರೆಗೆ ಟೆಂಪೋದಲ್ಲಿ ಬಂದೆ” ಎಂದರು.

ಎರಡು ರೂಪಾಯಿಯ ನಾಣ್ಯವನ್ನು ಆತ ತೆಗೆದುಕೊಂಡ. ಬೇಡವೆನ್ನಲಿಲ್ಲ, ಅದು ಒಳ್ಳೆಯದಾಯಿತು. “ನಾಕಾಣಿ ಚಿಲ್ರಿ ಇಲ್ಲೆ” ಎಂದು ಭರಣಿಯಿಂದ ಒಂದು ಪೆಪ್ಪರ್‌ಮಿಂಟು ತೆಗೆದು ಕೊಟ್ಟ. ಮಾಮ ಅದನ್ನು ಹುಡುಗಿಯ ಕೈಗೆ ಹಾಕಿದರು.

ಆ ರಾತ್ರಿ ಎಲ್ಲರೂ ಅವರ ಅಕ್ಕನ ಮನೆಯಲ್ಲಿ ಉಂಡೆವು. ಎಪ್ಪತ್ತು ದಾಟಿದ ಅಕ್ಕ ತಮ್ಮನನ್ನು ಕಂಡೊಡನೆ, “ಏ ಮಾಣಿ, ನಿಂಗ್ ತಲಿ ಸಮ ಇತ್ತಾ?” ಎಂದು ಮೊದಲುಮಾಡಿ, ನಮ್ಮನ್ನೂ ಸೇರಿಸಿ ಚೆನ್ನಾಗಿ ಬೈದರು. ಬೈಯುತ್ತಲೇ ನೀರ್ದೋಸೆ ಹೊಯ್ದರು. ಕುಂದಾಪುರದ ಡಾಕ್ಟರರು ನೋಡಿ, ಸದ್ಯಕ್ಕೆ ಭಯವಿಲ್ಲ, ಇನ್ನು ಎರಡು ದಿನ ಇಲ್ಲಿಯೇ ಇರತಕ್ಕದ್ದು, ಎಂದು ವಿಧಿಸಿದರು. ಮಾಮ ಪ್ರತಿ ಹೇಳಲಿಲ್ಲ. ಮರುದಿನ ಬೆಳಗ್ಗೆ ನಾವು ಎಂಟು ಮಂದಿ ಹೊರಟೆವು.

ಉಳಿದ ಎರಡು ದಿನ ಸುಗಮವಾಗಿ ಕಳೆದವು, ಹಾಗಾಗಿ ಹೇಳಲು ಹೆಚ್ಚೇನಿಲ್ಲ. ಕುಂದಾಪುರದಲ್ಲಿ ಐದು ಹೊಳೆಗಳು ಸೇರುವ ಪಂಚಗಂಗಾವಳಿಯನ್ನು ಪುಸ್ತಕದಲ್ಲಿ ಒಂದೆಂದು ಬರೆಯುವುದೋ ಐದೆಂದೋ ಎಂದು ದೊಡ್ಡ ಜಗಳವಾಯಿತು. ಶಿವರಾಮ ಕಾರಂತರು 1902ರಲ್ಲಿ ಹುಟ್ಟಿದ ಕೋಟದಲ್ಲಿ ನಿಂತು ಗೋಳಿಬಜೆ ತಿಂದೆವು. ಸೀತೆ, ಸ್ವರ್ಣೆ ದಾಟಿ ಮಲ್ಪೆಯಲ್ಲಿ ತಂಗಿದೆವು. ಐದನೆಯ ದಿನದ ಬೆಳಗು ಮಾತ್ರ ಮರೆಯುವಂಥದಲ್ಲ. ಮಲ್ಪೆಯಿಂದ ಪಡುಕೆರೆಗೆ ದಾಟಿದರೆ ಮಟ್ಟುವಿನ ಕಡೆಗೆ ಒಂದು ಕಿರಿದಾದ ದಾರಿ. ಒಂದು ಕಡೆ ಕಡಲು, ಇನ್ನೊಂದು ಕಡೆ ಉದ್ಯಾವರದ ಹೊಳೆ, ನಡುವೆ ಒಂದು ಸಾಲು ಮನೆ, ತೆಂಗು, ಒಣಗಲು ಹಾಕಿದ ಬಲೆ. ಲಾರಿಯಿಲ್ಲ, ಕಾಂಕ್ರೀಟಿನ ಕಟ್ಟೆಯಿಲ್ಲ. ಸಮುದ್ರ ನಮ್ಮ ಪಾಲಿಗೇ ಬಂತು. ಮಟ್ಟುಗುಳ್ಳದ ಗದ್ದೆಗಳನ್ನು ದಾಟಿ, ಕಾಪುವಿನಲ್ಲಿ ಬಂಡೆಯ ಮೇಲೆ 1901ರಿಂದ ನಿಂತಿರುವ ದೀಪಸ್ತಂಭವನ್ನು ನೋಡಿ, ಮತ್ತೆ ಹೆದ್ದಾರಿ. ಮುಲ್ಕಿಯಲ್ಲಿ ಶಾಂಭವಿ. ಪಣಂಬೂರಿನಲ್ಲಿ ಬಂದರಿನ ಲಾರಿಗಳ ಸಾಲು, ಧೂಳು. ಕೂಳೂರಿನಲ್ಲಿ ಫಲ್ಗುಣಿಯ ಸೇತುವೆ ದಾಟಿದಾಗ ಹುಡುಗಿ ಕೊನೆಯ ಹೆಸರು ಬರೆದು ಗೀಟು ಎಳೆದಳು. ನೇತ್ರಾವತಿಯನ್ನು ದಾಟಿಯೇ ಬಿಡೋಣ ಎಂದು ಕಾಲೇಜಿನ ಹುಡುಗರು ಹಟ ಹಿಡಿದರು. ಕುಳಿತುಕೊಳ್ಳಲು ಸಹ ಕಷ್ಟಪಡುತ್ತಿದ್ದ ಉಳಿದವರು ಬಹುಮತದಿಂದ ತಳ್ಳಿಹಾಕಿದರು.

ಡ್ರೈವರಣ್ಣನಿಗೆ ಮಾತಾಡಿದ ಹಣದ ಮೇಲೆ ಸ್ವಲ್ಪ ಸೇರಿಸಿ ಕೊಡಹೋದೆವು. ಅವನು ಸೇರಿಸಿದ್ದನ್ನು ಎಣಿಸಿ ಹಿಂದಿರುಗಿಸಿ, ಹೊತ್ತಾಯಿತೆಂದು ಹೊರಟುಹೋದ.

ಮರುದಿನ ಮಧ್ಯಾಹ್ನದ ಗಾಡಿಯಲ್ಲಿ ಮರಳಿದೆವು. ಕುಂದಾಪುರದ ನಿಲ್ದಾಣದಲ್ಲಿ ಮಾಮ ಹತ್ತಿದರು. ಕೈಯಲ್ಲಿ ಒಂದು ಚೀಲ ಕುಸುಬಲಕ್ಕಿ, ಅಕ್ಕ ಕಟ್ಟಿಕೊಟ್ಟ ಉಪ್ಪಿನಕಾಯಿಯ ಭರಣಿ. ಸೈಕಲ್ಲೆಲ್ಲಿ ಎಂದು ನಾವೆಲ್ಲ ಒಟ್ಟಿಗೆ ಕೇಳಿದೆವು.

“ಅಕ್ಕನ ಮನೆಯ ಹಟ್ಟಿಯಲ್ಲುಂಟು” ಎಂದರು. “ಮೊಮ್ಮಗ ತುಳಿಯುತ್ತಾನಂತೆ. ಮುಂದಿನ ಸಲ ನಾನು ಬಂದಾಗ ಒಂದು ಗಂಟೆಗೆ ಬಾಡಿಗೆ ಎಷ್ಟು ಎಂದು ಈಗಲೇ ಮಾತಾಡಿ ಬಂದಿದ್ದೇನೆ.”

ಗಾಡಿ ಭಟ್ಕಳ ಬಿಡುವಾಗ ಅವರು ನಿದ್ದೆಹೋಗಿದ್ದರು. ಶರಾವತಿಯ ಹೊತ್ತಿಗೆ ಕತ್ತಲೆಯಾಗಿತ್ತು. ಸೇತುವೆಯ ಸದ್ದು ಮೊದಲಾದೊಡನೆ ಹುಡುಗಿ ಅವರ ಭುಜ ಅಲುಗಿಸಿ ಎಬ್ಬಿಸಿದಳು. ಇಬ್ಬರೂ ಕಿಟಕಿಯ ಸರಳಿಗೆ ಹಣೆ ಒತ್ತಿಕೊಂಡು, ಆಚೆ ದಡದ ದೀಪಗಳಲ್ಲಿ ಡ್ರೈವರಣ್ಣನ ಮನೆಯದು ಯಾವುದೆಂದು ಹುಡುಕುತ್ತಿದ್ದರು.